ಗ್ರಿಫಿನ್ನನ ಟಿಪ್ಪಣಿ ಪುಸ್ತಕಗಳು

ಅದೃಶ್ಯನಾಗುವ ವಿಜ್ಞಾನಿಯ ಕಥೆ ಯಾವುದಾದರೊಂದು ರೂಪದಲ್ಲಿ ನಮಗೆಲ್ಲ ಗೊತ್ತಿದೆ. ಆದರೆ ಅದರ ಬೇರು ಇರುವುದು ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ 'ದಿ ಇನ್‌ವಿಸಿಬಲ್ ಮ್ಯಾನ್' ಎಂಬ ಒಂದು ಪುಟ್ಟ ಕಾದಂಬರಿಯಲ್ಲಿ, ಮತ್ತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನನಗೆ ಸಿಕ್ಕಿದ್ದು ಕಡಿಮೆ. ಉಡುಪಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಪಾಠ ಮಾಡುವ ನಾನು ಈ ಮಳೆಗಾಲದಲ್ಲಿ, ತರಗತಿ ಮುಗಿದ ಮೇಲೆ ಉಳಿದುಕೊಳ್ಳಲು ಒಪ್ಪಿದ ಕೆಲವು ವಿದ್ಯಾರ್ಥಿಗಳೊಂದಿಗೆ ಪ್ರಯೋಗಾಲಯದಲ್ಲೇ ಕುಳಿತು ಅದನ್ನು ಓದಿದೆ. ಬೆಳಕಿನ ಪಾಠಕ್ಕೆ ಪೂರಕವಾಗಲಿ ಎಂಬಷ್ಟೇ ನನ್ನ ಉದ್ದೇಶವಾಗಿತ್ತು. ಓದುತ್ತ ಹೋದಂತೆ ಈ ಕಥೆಯ ಭಯ ಎಲ್ಲಿದೆ ಎಂಬ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗುತ್ತ ಬಂತು. ಒಬ್ಬ ಮನುಷ್ಯ ಕಣ್ಣಿಗೆ ಕಾಣುವುದಿಲ್ಲ ಎಂಬುದು ಅಲ್ಲಿನ ನಿಜವಾದ ಭಯವಲ್ಲ. ಅವನ ಕೆಲಸವನ್ನು ಯಾರೂ ನೋಡಿರಲಿಲ್ಲ ಎಂಬುದು ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಕಥೆ ಶುರುವಾಗುವುದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಐಪಿಂಗ್ ಎಂಬ ಹಳ್ಳಿಯಲ್ಲಿ. ಫೆಬ್ರುವರಿಯ ಹಿಮದಲ್ಲಿ ಒಬ್ಬ ಅಪರಿಚಿತ ನಡೆದು ಬಂದು ಊರಿನ ವಸತಿಗೃಹದ ಬಾಗಿಲು ತಟ್ಟುತ್ತಾನೆ. ತಲೆಗೆಲ್ಲ ಬ್ಯಾಂಡೇಜ್, ಕಣ್ಣಿಗೆ ಕಪ್ಪು ಕನ್ನಡಕ, ಕೈಗೆ ಗವಸು. ಮನೆಯೊಡತಿ ಹಾಲ್ ಅಮ್ಮನಿಗೆ ಅವನಿಗೇನೋ ಅಪಘಾತವಾಗಿರಬೇಕು ಎಂದು ಕನಿಕರ ಹುಟ್ಟುತ್ತದೆ. ಅವನ ಪೆಟ್ಟಿಗೆಗಳ ತುಂಬ ಗಾಜಿನ ಸೀಸೆಗಳು ಬರುತ್ತವೆ, ಅವನು ಬಾಗಿಲು ಹಾಕಿಕೊಂಡು ಹಗಲಿಡೀ ಏನೋ ಮಾಡುತ್ತಾನೆ, ಬಾಡಿಗೆ ಬಾಕಿಯಾಗುತ್ತದೆ, ಊರಿನಲ್ಲಿ ಕಳವಾಗುತ್ತದೆ. ಕೊನೆಗೊಂದು ದಿನ ಜನ ಮುತ್ತಿಕೊಂಡಾಗ ಅವನು ಬ್ಯಾಂಡೇಜ್ ಬಿಚ್ಚಿ ತೋರಿಸುತ್ತಾನೆ. ಅದರ ಒಳಗೆ ಏನೂ ಇರುವುದಿಲ್ಲ. ಅವನ ಹೆಸರು ಗ್ರಿಫಿನ್ ಎಂಬುದಾಗಲಿ, ಅವನು ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದು ಅದನ್ನು ಬಿಟ್ಟು ಭೌತಶಾಸ್ತ್ರಕ್ಕೆ ಬಂದವನು ಎಂಬುದಾಗಲಿ ನಮಗೆ ತಿಳಿಯುವುದು ಕಾದಂಬರಿ ಅರ್ಧ ದಾಟಿದ ಮೇಲೆ, ಗುಂಡೇಟು ತಿಂದು ಅವನು ತನ್ನ ಹಳೆಯ ಸಹಪಾಠಿ ಡಾಕ್ಟರ್ ಕೆಂಪ್‌ನ ಮನೆ ಹೊಕ್ಕ ಬಳಿಕ.

ಈ ಕ್ರಮ ಬಹಳ ಯೋಚಿಸಿ ಮಾಡಿದ್ದು. ನಮ್ಮ ಯಕ್ಷಗಾನದಲ್ಲಿ ಇಂದ್ರಜಿತು ಮಾಯೆಯಿಂದ ಮರೆಯಾಗಿ ಯುದ್ಧ ಮಾಡುವಾಗ ಸಭೆಯಲ್ಲಿ ಕುಳಿತ ನಮಗೆ ಅವನು ಎದುರಿಗೇ ಕಾಣುತ್ತಿರುತ್ತಾನೆ. ಕಾಣದಿರುವುದು ರಾಮಲಕ್ಷ್ಮಣರಿಗೆ ಮಾತ್ರ. ಹಾಗಾಗಿ ನಮ್ಮ ಆತಂಕವೆಲ್ಲ ಅವರಿಗಾಗಿ. ವೆಲ್ಸ್ ನಮ್ಮನ್ನು ಹಾಲ್ ಅಮ್ಮನ ಪಕ್ಕದಲ್ಲಿ, ಏನೂ ಗೊತ್ತಿಲ್ಲದವರ ನಡುವೆ ಕೂರಿಸುತ್ತಾನೆ. ವಿಜ್ಞಾನದ ವಿವರಣೆ ಬರುವ ಹೊತ್ತಿಗೆ ನಾವು ಆಗಲೇ ಹೆದರಿ ಆಗಿರುತ್ತದೆ, ಹೆದರಿದವರು ಕೇಳುವ ಹಾಗೆಯೇ ಆ ವಿವರಣೆಯನ್ನು ಉಸಿರು ಬಿಗಿಹಿಡಿದು ಕೇಳುತ್ತೇವೆ.

ಆ ವಿವರಣೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಗ್ರಿಫಿನ್ ಮಂತ್ರ ಹೇಳುವುದಿಲ್ಲ. ಒಂದು ವಸ್ತು ನಮಗೆ ಕಾಣುವುದು ಅದು ಬೆಳಕನ್ನು ಹೀರುವುದರಿಂದ, ಪ್ರತಿಫಲಿಸುವುದರಿಂದ ಅಥವಾ ಬಾಗಿಸುವುದರಿಂದ. ಈ ಮೂರನ್ನೂ ಮಾಡದ ವಸ್ತು ಕಾಣಲು ಸಾಧ್ಯವಿಲ್ಲ ಎಂದು ಅವನು ಕೆಂಪ್‌ಗೆ ಹೇಳುತ್ತಾನೆ. ಗಾಜನ್ನು ಪುಡಿ ಮಾಡಿದರೆ ಬಿಳಿಯಾಗಿ ಎದ್ದು ಕಾಣುತ್ತದೆ, ಅದೇ ಪುಡಿಯನ್ನು ನೀರಿಗೆ ಹಾಕಿದರೆ ಬಹುಮಟ್ಟಿಗೆ ಮರೆಯಾಗುತ್ತದೆ, ಏಕೆಂದರೆ ಗಾಜಿನ ಮತ್ತು ನೀರಿನ ವಕ್ರೀಭವನ ಸೂಚ್ಯಂಕಗಳು, ಎಂದರೆ ಅವು ಬೆಳಕನ್ನು ಎಷ್ಟು ಬಾಗಿಸುತ್ತವೆ ಎಂಬುದರ ಅಳತೆಗಳು, ಹತ್ತಿರ ಹತ್ತಿರ ಇವೆ. ಎಣ್ಣೆ ಹಚ್ಚಿದ ಕಾಗದ ಬೆಳಕನ್ನು ಬಿಡುವುದೂ ಇದೇ ಕಾರಣಕ್ಕೆ. ಮನುಷ್ಯನ ದೇಹದಲ್ಲಿ ರಕ್ತದ ಕೆಂಪು ಮತ್ತು ಕೂದಲಿನ ಬಣ್ಣವನ್ನು ಬಿಟ್ಟರೆ ಉಳಿದ ಎಳೆಗಳೆಲ್ಲ ಒಂದೊಂದಾಗಿ ಬಿಡಿಸಿದರೆ ಪಾರದರ್ಶಕವೇ. ಹಾಗಿದ್ದ ಮೇಲೆ ರಕ್ತದ ಬಣ್ಣ ತೆಗೆದು, ದೇಹದ ಸೂಚ್ಯಂಕವನ್ನು ಗಾಳಿಯ ಮಟ್ಟಕ್ಕೆ ಇಳಿಸಿದರೆ ಆಯಿತು. ಗ್ರಿಫಿನ್ ಹುಟ್ಟಿನಿಂದಲೇ ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲದ ಬಿಳುಪಿನವನು ಎಂಬುದನ್ನೂ ವೆಲ್ಸ್ ಮರೆಯದೆ ಸೇರಿಸಿದ್ದಾನೆ. ರೋಂಟ್ಜೆನ್ 1895ರ ಕೊನೆಯಲ್ಲಿ ಎಕ್ಸ್ ಕಿರಣ ಕಂಡುಹಿಡಿದು, ತನ್ನ ಹೆಂಡತಿಯ ಕೈಮೂಳೆಗಳ ಚಿತ್ರ ತೆಗೆದು ಇನ್ನೂ ಎರಡು ವರ್ಷ ಆಗಿರಲಿಲ್ಲ ಎಂಬುದನ್ನು ನೆನೆದರೆ, ಆ ಕಾಲದ ಓದುಗರಿಗೆ ಇದು ಎಷ್ಟು ಹತ್ತಿರದ ಮಾತಾಗಿ ಕೇಳಿಸಿರಬೇಕು ಎಂದು ಊಹಿಸಬಹುದು. ತನ್ನ ಕಿರಣಗಳು ರೋಂಟ್ಜೆನ್ನನ ಕಿರಣಗಳಲ್ಲ ಎಂದು ಗ್ರಿಫಿನ್ ಬಾಯಲ್ಲೇ ವೆಲ್ಸ್ ಹೇಳಿಸಿದ್ದಾನೆ.

ಈ ಅಧ್ಯಾಯ ಓದಿದ ಸಂಜೆ ನಾವು ಪ್ರಯೋಗ ಮಾಡಿ ನೋಡಿದೆವು. ಒಂದು ಬೀಕರಿನಲ್ಲಿ ನೀರು, ಇನ್ನೊಂದರಲ್ಲಿ ತೆಂಗಿನೆಣ್ಣೆ, ಮೂರನೆಯದರಲ್ಲಿ ಗ್ಲಿಸರಿನ್ ಹಾಕಿ, ಬೋರೋಸಿಲಿಕೇಟ್ ಗಾಜಿನ ಪ್ರನಾಳಗಳನ್ನು ಆಯಾ ದ್ರವದಿಂದಲೇ ತುಂಬಿ ಒಂದೊಂದರಲ್ಲಿ ಒಂದೊಂದನ್ನು ಮುಳುಗಿಸಿದೆವು. ನೀರಿನ ಸೂಚ್ಯಂಕ 1.33, ಆ ಗಾಜಿನದು 1.47, ಆದ್ದರಿಂದ ನೀರಿನಲ್ಲಿ ಪ್ರನಾಳದ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ತೆಂಗಿನೆಣ್ಣೆಯದು ಸುಮಾರು 1.45, ಅಲ್ಲಿ ಅಂಚು ಕೂದಲೆಳೆಯಷ್ಟು ಸಣ್ಣಗೆ ಉಳಿಯಿತು. ಗ್ಲಿಸರಿನ್ನಿನದು ಗಾಜಿನಷ್ಟೇ 1.47. ಪ್ರನಾಳವನ್ನು ಇಳಿಸುತ್ತ ಹೋದಂತೆ ದ್ರವದ ಮಟ್ಟದಿಂದ ಕೆಳಗಿನ ಭಾಗ ಇಲ್ಲವೇ ಇಲ್ಲವೆನ್ನುವಂತೆ ಮಾಯವಾಗುತ್ತ ಹೋಯಿತು, ಮೇಲೆ ಮಾತ್ರ ಒಂದು ಗಾಜಿನ ಬಾಯಿ ಗಾಳಿಯಲ್ಲಿ ನಿಂತಂತೆ ಕಂಡಿತು. ಪ್ರನಾಳದ ಮೇಲೆ ಅಚ್ಚಾಗಿದ್ದ ಬಿಳಿ ಅಕ್ಷರಗಳು ಮಾತ್ರ ದ್ರವದ ನಡುವೆ ಹಾಗೇ ತೇಲುತ್ತಿದ್ದವು. ಆ ಅಕ್ಷರಗಳನ್ನು ನೋಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ಹಾಗಾದರೆ ಅವನ ಕಣ್ಣು?" ಎಂದು ಕೇಳಿದಳು.

ಕಥೆಯ ಇಡೀ ಭೌತಶಾಸ್ತ್ರ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ. ಕಣ್ಣು ನೋಡುವುದೆಂದರೆ ಮಸೂರವು ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಬಿಂಬ ಮೂಡಿಸಬೇಕು, ಅಕ್ಷಿಪಟಲವು ಆ ಬೆಳಕನ್ನು ಹೀರಬೇಕು. ಗಾಳಿಯಷ್ಟೇ ಸೂಚ್ಯಂಕವುಳ್ಳ ಮಸೂರ ಬೆಳಕನ್ನು ಬಾಗಿಸಲಾರದು, ಪೂರ್ತಿ ಪಾರದರ್ಶಕವಾದ ಅಕ್ಷಿಪಟಲ ಏನನ್ನೂ ಹೀರಲಾರದು. ಪೂರ್ತಿ ಅದೃಶ್ಯನಾದ ಮನುಷ್ಯ ಪೂರ್ತಿ ಕುರುಡ. ಜನಸಾಮಾನ್ಯರಿಗಾಗಿ ಭೌತಶಾಸ್ತ್ರ ಬರೆದ ರಷ್ಯಾದ ಯಾಕೊವ್ ಪೆರೆಲ್ಮನ್ ಈ ಆಕ್ಷೇಪವನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ವೆಲ್ಸ್‌ಗೆ ಇದು ಹೊಳೆದಿರಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಗ್ರಿಫಿನ್ ಮೊದಲು ಪ್ರಯೋಗ ಮಾಡುವುದು ಒಂದು ಬೆಕ್ಕಿನ ಮೇಲೆ. ಅದರ ಮೈಯೆಲ್ಲ ಕರಗಿದ ಮೇಲೂ ಉಗುರುಗಳು ಮತ್ತು ಕಣ್ಣಿನ ಹಿಂಬದಿಯ ಹೊಳೆಯುವ ಪೊರೆ ಉಳಿಯುತ್ತವೆ. ಗ್ರಿಫಿನ್ ತಾನೇ ಕನ್ನಡಿಯ ಮುಂದೆ ನಿಂತಾಗಲೂ ಅಕ್ಷಿಪಟಲದ ಹಿಂದೆ ಮಂಜಿಗಿಂತ ತೆಳ್ಳಗಿನ ಬಣ್ಣದ ಛಾಯೆಯೊಂದು ಉಳಿದಿರುತ್ತದೆ. ಕಥೆ ನಡೆಯಲು ಬೇಕಾದಷ್ಟು ದೃಷ್ಟಿಯನ್ನು ಆ ಒಂದು ವಾಕ್ಯದಲ್ಲಿ ವೆಲ್ಸ್ ಉಳಿಸಿಕೊಂಡಿದ್ದಾನೆ, ಬಹುಶಃ ಯಾರೂ ತಡೆದು ಕೇಳಬಾರದೆಂಬಷ್ಟು ಬೇಗ ಮುಂದಕ್ಕೂ ಹೋಗಿದ್ದಾನೆ.

ಇದರ ಸಾಕ್ಷಿ ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಅಳಿವೆಗಳ ಹಿನ್ನೀರಿನಲ್ಲಿ ಮರಿಸಿಗಡಿ ಹಿಡಿಯುವವರ ಬಕೆಟ್ಟಿನೊಳಗೆ ಇಣುಕಿ ನೋಡಿದವರಿಗೆ ಇದು ಗೊತ್ತು. ತುಳುವಿನಲ್ಲಿ ಯೆಟ್ಟಿ ಎನ್ನುವ ಆ ಸಿಗಡಿ ಜೀವಂತ ಇರುವಾಗ ಮೈಯೆಲ್ಲ ನೀರಿನಂತೆಯೇ ಇರುತ್ತದೆ. ಮೊದಲ ನೋಟಕ್ಕೆ ಬಕೆಟ್ಟಿನಲ್ಲಿ ನೀರು ಮಾತ್ರ ಇದೆ ಎನ್ನಿಸುತ್ತದೆ. ಆಮೇಲೆ ಜೋಡಿ ಜೋಡಿ ಕರಿಚುಕ್ಕೆಗಳು ಅತ್ತಿತ್ತ ಸರಿಯುವುದು ಕಾಣುತ್ತದೆ, ಅವು ಕಣ್ಣುಗಳು. ಅವುಗಳ ಹಿಂದೆ ತುಸು ಗಮನಿಸಿದರೆ ತಿಂದದ್ದು ತುಂಬಿದ ಕರುಳಿನ ಗೆರೆ. ಸಮುದ್ರದಲ್ಲಿ ಪಾರದರ್ಶಕವಾಗಿ ಬದುಕುವ ಜೀವಿಗಳು ಎಷ್ಟೋ ಇವೆ, ಮಲ್ಪೆಯ ದಡಕ್ಕೆ ಬಂದು ಬೀಳುವ ಅಂಬಲಿಮೀನುಗಳ (ಜೆಲ್ಲಿಫಿಶ್) ಸಹಿತ. ಆದರೆ ಬಿಂಬ ಕಾಣುವ ಕಣ್ಣುಳ್ಳ ಜೀವಿಗೆ ಆ ಕಣ್ಣನ್ನು ಪೂರ್ತಿ ಪಾರದರ್ಶಕ ಮಾಡಲು ಸಾಧ್ಯವಾಗಿಲ್ಲ. ಗ್ರಿಫಿನ್ನನ ವಿವರಣೆ ಕೇಳುವಾಗ ಕೆಂಪ್ ತಾನೂ ಸಮುದ್ರದ ಲಾರ್ವಾಗಳನ್ನು, ಅಂಬಲಿಮೀನುಗಳನ್ನು ನೆನೆಸಿಕೊಳ್ಳುತ್ತಾನೆ. ಆ ಜೀವಿಗಳ ಕಣ್ಣಿನ ಬಗ್ಗೆ ಮಾತ್ರ ಅವನು ಮಾತೆತ್ತುವುದಿಲ್ಲ.

ಕಣ್ಣಿನ ಮಾತು ಬದಿಗಿಟ್ಟರೂ ಅದೃಶ್ಯನ ಬಾಳು ಸುಖದ್ದಲ್ಲ. ಬಟ್ಟೆ ತೊಡುವಂತಿಲ್ಲ, ಆದ್ದರಿಂದ ಜನವರಿಯ ಲಂಡನ್ನಿನಲ್ಲಿ ಗ್ರಿಫಿನ್ ಬರಿಮೈಯಲ್ಲಿ ನಡುಗುತ್ತ ಅಲೆಯುತ್ತಾನೆ. ತಿಂದ ಆಹಾರ ಮೈಗೆ ಹತ್ತುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಕೆಸರು ಮೆಟ್ಟಿದರೆ ಹೆಜ್ಜೆ ಮೂಡುತ್ತದೆ, ಬೀದಿ ಹುಡುಗರು ಆ ಹೆಜ್ಜೆಗಳ ಬೆನ್ನು ಹತ್ತುತ್ತಾರೆ. ನಾಯಿಗಳಿಗೆ ಅವನು ಇದ್ದಾನೆಂದು ಗೊತ್ತಾಗುತ್ತದೆ. ಹಿಮ ಮೈಮೇಲೆ ಕೂರುತ್ತದೆ, ಮಳೆ ಅವನನ್ನು ಹೊಳೆಯುವ ಆಕಾರ ಮಾಡುತ್ತದೆ, ಊರಿನ ಹೊಗೆಮಸಿ ಚರ್ಮಕ್ಕೆ ಅಂಟುತ್ತದೆ. ಈ ಪಟ್ಟಿಯನ್ನು ಓದುವಾಗ ನಮ್ಮೂರಿನ ಆಷಾಢವನ್ನು ನೆನೆಯದೆ ಇರಲಾಗಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರಿಫಿನ್ ಮನೆಯ ಹೊರಗೆ ಕಾಲಿಡುವಂತೆಯೇ ಇರಲಿಲ್ಲ. ನೀರಿನ ಪೊರೆಯೊಂದು ಮನುಷ್ಯನ ಆಕಾರದಲ್ಲಿ ನಡೆದುಹೋಗುವುದನ್ನು ರಥಬೀದಿಯ ಅಂಗಡಿಯವರೆಲ್ಲ ನೋಡುತ್ತಿದ್ದರು. ಮಳೆ ಬಿಟ್ಟರೆ ಕೆಂಪು ಮುರಕಲ್ಲಿನ ರಾಡಿ ಮೊಣಕಾಲಿನವರೆಗೆ ಹತ್ತಿರುತ್ತಿತ್ತು. ಮಾರ್ಚ್‌ ಬಂತೆಂದರೆ ಬೆವರು. ಹೀಗೆ ಹುಡುಕುತ್ತ ಹೋದ ನನ್ನ ವಿದ್ಯಾರ್ಥಿಗಳು ಉಡುಪಿಯಲ್ಲಿ ಅದೃಶ್ಯನೊಬ್ಬ ನೆಮ್ಮದಿಯಾಗಿ ಓಡಾಡಬಹುದಾದ ಕಾಲ ಡಿಸೆಂಬರ್ ಮತ್ತು ಜನವರಿಯ ಇರುಳುಗಳು ಮಾತ್ರ ಎಂದು ತೀರ್ಮಾನಿಸಿದರು. ಆ ತೀರ್ಮಾನ ನನಗೂ ಸರಿಯೆನಿಸಿದೆ.

ಆದರೆ ಇದೆಲ್ಲ ಅವನು ಅದೃಶ್ಯನಾದ ಮೇಲಿನ ಮಾತು. ನನ್ನ ಮನಸ್ಸು ಹೆಚ್ಚು ತಂಗಿದ್ದು ಅದಕ್ಕೆ ಹಿಂದಿನ ವರ್ಷಗಳ ಮೇಲೆ, ಗ್ರಿಫಿನ್ ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಕಾಲದ ಮೇಲೆ. ಅವನು ರಾಜಧಾನಿಯಿಂದ ದೂರದ ಒಂದು ಊರಿನ ಕಾಲೇಜಿನಲ್ಲಿ ಪ್ರಯೋಗ ಪಾಠ ಹೇಳುವ ಕೆಲಸದಲ್ಲಿದ್ದ. ಬಡತನವಿತ್ತು, ಕೆಲಸದ ಹೊರೆಯಿತ್ತು. ಅವನ ಮೇಲಿನ ಪ್ರಾಧ್ಯಾಪಕ ಆಲಿವರ್ ಎಂಬವನು ಇತರರ ವಿಚಾರ ಕದಿಯುವವನು ಎಂದು ಗ್ರಿಫಿನ್ ನಂಬಿದ್ದ. ಆದ್ದರಿಂದ ತನ್ನ ಶೋಧವನ್ನು ಯಾರಿಗೂ ಹೇಳಲಿಲ್ಲ, ಪ್ರಕಟಿಸಲಿಲ್ಲ, ಟಿಪ್ಪಣಿಗಳನ್ನು ಗೂಢಲಿಪಿಯಲ್ಲಿ ಬರೆದಿಟ್ಟ. ಒಂದು ದಿನ ಜಗತ್ತಿನೆದುರು ಒಮ್ಮೆಲೇ ತೆರೆದಿಟ್ಟು ಹೆಸರುವಾಸಿಯಾಗಬೇಕೆಂಬ ಆಸೆಯಿಂದ ವರ್ಷಗಟ್ಟಲೆ ಬಚ್ಚಿಟ್ಟ. ತನ್ನ ಮುಂದೆ ಕುಳಿತ ವಿದ್ಯಾರ್ಥಿಗಳನ್ನು ಅವನು ನೆನೆಯುವುದು ದಡ್ಡರು ಎಂಬ ಒಂದೇ ಹೆಸರಿನಲ್ಲಿ. ದೊಡ್ಡ ನಗರದಿಂದ ದೂರದ ಒಂದು ಕಾಲೇಜಿನಲ್ಲಿ ಇದೇ ವಿಷಯ ಕಲಿಸುವ ನನಗೆ ಆ ಮಾತು ಓದಿ ತುಂಬ ನೋವಾಯಿತು. ಓದುವ ಸರದಿ ಆಗ ಒಬ್ಬ ಹುಡುಗನದಾಗಿತ್ತು. ಅವನು ಆ ವಾಕ್ಯ ಓದಿ ತಲೆಯೆತ್ತಿ ನನ್ನ ಮುಖ ನೋಡಿದ. ವಿದ್ಯಾರ್ಥಿಗಳ ಪ್ರಶ್ನೆಯಿಲ್ಲದೆ ನಾನು ಕಣ್ಣಿನ ವಿಷಯಕ್ಕೆ ಆ ಸಂಜೆ ಬರುತ್ತಲೇ ಇರಲಿಲ್ಲ ಎಂದು ಅವನಿಗೆ ಹೇಳಿದೆ.

ಬಚ್ಚಿಟ್ಟ ಕೆಲಸಕ್ಕೆ ಹಣ ಕೇಳುವಂತಿಲ್ಲ. ಗ್ರಿಫಿನ್ ತಂದೆಯ ಹಣ ಕದಿಯುತ್ತಾನೆ. ಅದು ತಂದೆಯ ಸ್ವಂತದ್ದಾಗಿರಲಿಲ್ಲ, ಆ ಮುದುಕ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅಂತ್ಯಕ್ರಿಯೆಗೆ ಹೋದ ಮಗನಿಗೆ ದುಃಖವೂ ಆಗುವುದಿಲ್ಲ. ಗಮನಿಸಿ, ಇಷ್ಟಾಗುವಾಗ ಅವನು ಇನ್ನೂ ಔಷಧ ಕುಡಿದಿಲ್ಲ, ಯಂತ್ರಗಳ ನಡುವೆ ನಿಂತಿಲ್ಲ. ಅದೃಶ್ಯನಾದ ಮೇಲೆ ತಾನಿದ್ದ ಬಾಡಿಗೆ ಮನೆಗೆ ಬೆಂಕಿ ಇಡುವುದು, ವೇಷಭೂಷಣದ ಅಂಗಡಿಯವನನ್ನು ಹೊಡೆದುರುಳಿಸಿ ಕಟ್ಟಿಹಾಕುವುದು, ದಾರಿಯಲ್ಲಿ ಸಿಕ್ಕ ನಿರುಪದ್ರವಿ ವಿಕ್‌ಸ್ಟೀಡನನ್ನು ಕಬ್ಬಿಣದ ಸರಳಿನಿಂದ ಬಡಿದು ಕೊಲ್ಲುವುದು, ಕೊನೆಗೆ ಈ ಊರು ಇನ್ನು ರಾಣಿಯದಲ್ಲ, ಭಯದ ಆಳ್ವಿಕೆ ಶುರುವಾಯಿತು ಎಂದು ಕೆಂಪ್‌ಗೆ ಓಲೆ ಕಳಿಸುವುದು, ಇವೆಲ್ಲ ಅದೇ ದಾರಿಯ ಮುಂದಿನ ಮಜಲುಗಳು. ಅದೃಶ್ಯತೆ ಒಳ್ಳೆಯವನನ್ನು ಕೆಡಿಸಿತು ಎಂದು ಹೇಳುವವರಿದ್ದಾರೆ. ಪುಸ್ತಕ ಹಾಗೆ ಹೇಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಿನಿಮಾಗಳು ಈ ಭಾಗವನ್ನು ಹೆಚ್ಚಾಗಿ ಬಿಟ್ಟುಬಿಟ್ಟಿವೆ. ಜೇಮ್ಸ್ ವೇಲ್ 1933ರಲ್ಲಿ ನಿರ್ದೇಶಿಸಿದ ಚಿತ್ರದಲ್ಲಿ ಔಷಧವೇ ವಿಜ್ಞಾನಿಗೆ ಹುಚ್ಚು ಹಿಡಿಸುತ್ತದೆ. ಆಗ ಅವನ ಜವಾಬ್ದಾರಿಯ ಪ್ರಶ್ನೆಯೇ ಹಗುರವಾಗುತ್ತದೆ. ಆದರೂ ನಟ ಕ್ಲಾಡ್ ರೇನ್ಸ್‌ನ ಮೈಗೆ ಕಪ್ಪು ಮಖಮಲ್ ತೊಡಿಸಿ, ಕಪ್ಪು ಮಖಮಲ್ಲಿನ ಹಿನ್ನೆಲೆಯ ಮುಂದೆ ಚಿತ್ರೀಕರಿಸಿ, ಆ ಚಿತ್ರಿಕೆಯನ್ನು ಇನ್ನೊಂದರ ಮೇಲೆ ಕೂರಿಸಿ ಬರಿಯ ಅಂಗಿ ಓಡಾಡುವಂತೆ ತೋರಿಸಿದ ಕೈಚಳಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಿಂದಿಯಲ್ಲಿ 1987ರಲ್ಲಿ 'ಮಿಸ್ಟರ್ ಇಂಡಿಯಾ' ಚಿತ್ರದಲ್ಲಿ ಅದೃಶ್ಯತೆ ಒಳ್ಳೆಯವನ ಕೈಗೆ ಸಿಕ್ಕಿತು, ಕೆಂಪು ಬೆಳಕಿನಲ್ಲಿ ಮಾತ್ರ ಕಾಣುವ ಆ ನಾಯಕನನ್ನು ನಮ್ಮ ತಲೆಮಾರು ಮರೆಯುವುದಿಲ್ಲ. 2020ರಲ್ಲಿ ಲೀ ವಾನೆಲ್ ಮಾಡಿದ ಚಿತ್ರ ನನಗೆ ಎಲ್ಲಕ್ಕಿಂತ ಪ್ರಾಮಾಣಿಕವೆನಿಸಿತು, ಏಕೆಂದರೆ ಅದು ಅದೃಶ್ಯನ ಬೆನ್ನು ಬಿಟ್ಟು, ಅವನ ಕಾಟವನ್ನು ಹೇಳಿದರೂ ಯಾರೂ ನಂಬದ ಹೆಣ್ಣಿನ ಜೊತೆ ನಿಲ್ಲುತ್ತದೆ.

ಇನ್ನೊಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಕೈಯಲ್ಲಿ ವಿದ್ಯೆಯಿದ್ದ ಒಬ್ಬನು ಮರೆಯಾಗಿ ಸೇಡು ತೀರಿಸಿಕೊಂಡ ಕಥೆ ತುಳುನಾಡಿಗೆ ಹೊಸದಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡನ ಪಾಡ್ದನ, ಎಂದರೆ ತುಳುವಿನ ಹಾಡುಗತೆ, ಅದು. ಇಂಥ ಮೂರ್ತಿ ಇನ್ನೊಂದು ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕೆತ್ತಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡಿ ಕೆರಳಿದಳು, ಇಬ್ಬರೂ ಮಾಯವಾದರು, ಅರಸನಿಗೂ ಅವನ ಊರಿಗೂ ತಮ್ಮ ಕೋಪದ ಬಿಸಿ ಮುಟ್ಟಿಸಿದರು. ಹಾಡುವವರಿಂದ ಹಾಡುವವರಿಗೆ ವಿವರಗಳು ಬೇರೆಯಾಗುತ್ತವೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ ಎಂಬುದು ಚರಿತ್ರೆ. ಎರಡನ್ನೂ ಒಬ್ಬನೇ ಕೆತ್ತುವುದು ಆಗದ ಮಾತು. ಪಾಡ್ದನ ನೆನಪಿಟ್ಟಿರುವುದು ಇಸವಿಯನ್ನಲ್ಲ, ಒಬ್ಬ ಕಸುಬುದಾರನಿಗೆ ಆದ ಅನ್ಯಾಯವನ್ನು.

ಗ್ರಿಫಿನ್ನನಿಗೂ ಕಲ್ಕುಡನಿಗೂ ಇರುವ ಅಂತರವನ್ನು ನೋಡಿದರೆ ನನಗೆ ವೆಲ್ಸ್‌ನ ಕಥೆ ಇನ್ನಷ್ಟು ಅರ್ಥವಾಗುತ್ತದೆ. ಕಲ್ಕುಡನ ಕೆಲಸ ಬೆಟ್ಟದ ಮೇಲೆ, 42 ಅಡಿ ಎತ್ತರದಲ್ಲಿ, ಊರೆಲ್ಲ ನೋಡುವ ಹಾಗೆ ನಿಂತಿದೆ. ಅವನು ಮಾಯವಾದ ಮೇಲೂ ಜನರಿಂದ ಕಡಿದುಕೊಂಡವನಲ್ಲ. ಈಗ ದೈವಗಳಾಗಿ ಪೂಜೆಗೊಳ್ಳುವ ಅಣ್ಣ ತಂಗಿ ಇಬ್ಬರೂ ನೇಮದ, ಎಂದರೆ ದೈವಾರಾಧನೆಯ, ರಾತ್ರಿ ಬಣ್ಣ ಹಚ್ಚಿದ ಮುಖದಲ್ಲಿ, ಗಗ್ಗರ ಕಟ್ಟಿದ ಕಾಲಿನಲ್ಲಿ, ದೀವಟಿಗೆಯ ಬೆಳಕಿನಲ್ಲಿ ಬಂದು ನಿಲ್ಲಬೇಕು. ಕುಟುಂಬದವರು, ಊರವರು ತಮ್ಮ ದೂರು ದುಃಖಗಳನ್ನು ಎದುರಿಗೇ ನಿಂತು ಹೇಳಿಕೊಳ್ಳುತ್ತಾರೆ. ದೈವ ನುಡಿ ಕೊಡಬೇಕು. ವರ್ಷವಿಡೀ ಇಷ್ಟು ಸೇವೆ ಮಾಡಿದ ಮೇಲೆ ನಮಗೇಕೆ ಹೀಗಾಯಿತು ಎಂದು ದೈವವನ್ನೇ ಕೇಳುವ ಹಿರಿಯರನ್ನು ನಾನು ನೋಡಿದ್ದೇನೆ. ಕಣ್ಣಿಗೆ ಕಾಣದ ಶಕ್ತಿಗೂ ಜನರ ಮುಂದೆ ಬಂದು ಉತ್ತರ ಹೇಳುವ ಒಂದು ದಿನವನ್ನು ಈ ನೆಲ ಗೊತ್ತುಮಾಡಿ ಇಟ್ಟಿದೆ. ಗ್ರಿಫಿನ್ನನಿಗೆ ಅಂಥ ದಿನ ಇರಲಿಲ್ಲ. ಅವನನ್ನು ಪ್ರಶ್ನಿಸಬಹುದಾಗಿದ್ದ ಕೆಂಪ್‌ನನ್ನು ಅವನು ತನ್ನ ಆಳಾಗಿ ಮಾಡಿಕೊಳ್ಳಲು ನೋಡಿದ, ಆಗದೆ ಹೋದಾಗ ಕೊಲ್ಲಲು ಹೊರಟ.

ಗ್ರಿಫಿನ್ ಬಯಸಿದ್ದರ ಒಂದು ಚೂರು ಈಚೆಗೆ ನಿಜವಾಗಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಬಹಳ ಸಂತೋಷವಾಯಿತು. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಟಾರ್ಟ್ರಜಿನ್ ಎಂಬ ಹಳದಿ ಬಣ್ಣವನ್ನು ನೀರಿನಲ್ಲಿ ಕದಡಿ, ಕೂದಲು ತೆಗೆದ ಜೀವಂತ ಇಲಿಯ ಚರ್ಮಕ್ಕೆ ಹಚ್ಚಿದರು. ನಮ್ಮ ಬೇಕರಿ ತಿಂಡಿಗಳಿಗೆ, ಮಿಠಾಯಿಗಳಿಗೆ ಹಾಕುವ ಹಳದಿ ಬಣ್ಣಗಳಲ್ಲಿ ಅದೂ ಒಂದು. ಹಚ್ಚಿದ ಕಡೆ ಚರ್ಮ ಕೆಂಪು ಬೆಳಕಿಗೆ ಪಾರದರ್ಶಕವಾಗಿ, ನೆತ್ತಿಯ ಕೆಳಗಿನ ರಕ್ತನಾಳಗಳೂ ಹೊಟ್ಟೆಯೊಳಗಿನ ಅಂಗಗಳ ಚಲನೆಯೂ ಕಂಡವು. ತೊಳೆದರೆ ಚರ್ಮ ಮೊದಲಿನಂತಾಯಿತು. ಚರ್ಮ ಅಪಾರದರ್ಶಕವಾಗಿರುವುದು ಅದರೊಳಗಿನ ನೀರಿನ ಸೂಚ್ಯಂಕ ಕಡಿಮೆ, ಕೊಬ್ಬು ಮತ್ತು ಪ್ರೋಟೀನಿನದು ಹೆಚ್ಚು ಇರುವುದರಿಂದ; ಆ ಅಂತರದಲ್ಲಿ ಬೆಳಕು ಚದುರಿಹೋಗುತ್ತದೆ. ನೀಲಿ ಬೆಳಕನ್ನು ಬಲವಾಗಿ ಹೀರುವ ಬಣ್ಣವೊಂದು ನೀರಿನಲ್ಲಿ ಕರಗಿದರೆ, ಕೆಂಪು ಬೆಳಕಿನ ಮಟ್ಟಿಗೆ ಆ ನೀರಿನ ಸೂಚ್ಯಂಕ ಏರಿ ಕೊಬ್ಬಿನ ಹತ್ತಿರಕ್ಕೆ ಬರುತ್ತದೆ. ನಮ್ಮ ಗ್ಲಿಸರಿನ್ ಬೀಕರಿನಲ್ಲಿ ನಡೆದದ್ದೇ ಅಲ್ಲಿ ಚರ್ಮದೊಳಗೆ ನಡೆಯಿತು. ವೆಲ್ಸ್ ಬರೆದು 127 ವರ್ಷಗಳಾದ ಮೇಲೆ.

ಇದರಿಂದ ಯಾರೂ ಅದೃಶ್ಯರಾಗುವುದಿಲ್ಲ. ಗ್ರಿಫಿನ್ ದೇಹದ ಸೂಚ್ಯಂಕವನ್ನು ಗಾಳಿಯ 1.0003ಕ್ಕೆ ಇಳಿಸಿದ, ಇವರು ನೀರಿನದನ್ನು ಮೇಲಕ್ಕೆ ಏರಿಸಿದರು. ಹಾಗೆ ಪಾರದರ್ಶಕವಾದ ದೇಹ ಗಾಜಿನ ಬೊಂಬೆಯಂತೆ ಹೊಳೆಯುತ್ತಲೇ ಇರುತ್ತದೆ. ಮನುಷ್ಯನ ಚರ್ಮ ಇಲಿಯದಕ್ಕಿಂತ ತುಂಬ ದಪ್ಪವೂ ಹೌದು. ಅವರ ಗುರಿ ಬೇರೆಯೇ, ಕೊಯ್ಯದೆ ಒಳಗನ್ನು ನೋಡುವುದು. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೈಕ್ರೋವೇವ್ ಅಲೆಗಳು ವಸ್ತುವನ್ನು ಬಳಸಿಕೊಂಡು ಹೋಗುವಂತೆ ಮಾಡಿದ ಪ್ರಯೋಗವೂ ಇಂಥದ್ದೇ ಇನ್ನೊಂದು ದಾರಿ. ಅಲ್ಲಿಯೂ ಪೂರ್ತಿ ಮರೆಯಾದವನಿಗೆ ಹೊರಗಿನ ಅಲೆ ತಲುಪುವುದಿಲ್ಲ, ಅವನಿಗೂ ಹೊರಗೆಲ್ಲ ಕತ್ತಲೆಯೇ. ನಾನು ಮಕ್ಕಳಿಗೆ ಒತ್ತಿ ಹೇಳಿದ್ದು ಇನ್ನೊಂದು ವಿಷಯ. ಸ್ಟ್ಯಾನ್‌ಫರ್ಡಿನವರು ಮೊದಲು ಕೋಳಿಮಾಂಸದ ತೆಳು ಚೂರುಗಳ ಮೇಲೆ ಪರೀಕ್ಷಿಸಿದರು, ಯಾವ ಬಣ್ಣ, ಎಷ್ಟು ಪ್ರಮಾಣ, ಯಾಕೆ ಹೀಗಾಗುತ್ತದೆ ಎಂಬುದನ್ನೆಲ್ಲ ಹೆಸರು ಹಾಕಿ ಅಚ್ಚುಹಾಕಿಸಿದರು, ಜಗತ್ತಿನ ಯಾವ ಪ್ರಯೋಗಾಲಯವೂ ಅದನ್ನು ಮಾಡಿ ನೋಡಿ ತಪ್ಪಿದ್ದರೆ ತೋರಿಸಬಹುದು.

ಗ್ರಿಫಿನ್ನನ ಕೊನೆ ನಡುಬೀದಿಯಲ್ಲಿ ಆಗುತ್ತದೆ. ಜನ ಸುತ್ತುಗಟ್ಟಿ ಹೊಡೆಯುತ್ತಾರೆ, ಪ್ರಾಣ ಹೋದ ಮೇಲೆ ನಿಧಾನವಾಗಿ ನರಗಳು, ಮೂಳೆಗಳು, ಮಾಂಸ, ಚರ್ಮ ಒಂದೊಂದಾಗಿ ಕಾಣತೊಡಗುತ್ತವೆ. ಮುಖ ಮುಚ್ಚಿ ಎಂದು ಯಾರೋ ಕೂಗುತ್ತಾರೆ. ಎಷ್ಟೋ ಜನ ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ, ಆದರೆ ಅದರ ಬಳಿಕ ಒಂದು ಉಪಸಂಹಾರ ಇದೆ. ಗ್ರಿಫಿನ್ ಹೆದರಿಸಿ ದುಡಿಸಿಕೊಂಡಿದ್ದ ಅಲೆಮಾರಿ ಮಾರ್ವೆಲ್ ಈಗ ಒಂದು ಹೋಟೆಲಿನ ಮಾಲೀಕ. ಮೂರು ಟಿಪ್ಪಣಿ ಪುಸ್ತಕಗಳು ಅವನ ಬಳಿಯಲ್ಲೇ ಇವೆ. ಚರಂಡಿಯಲ್ಲಿ ಬಿದ್ದಿದ್ದರಿಂದ ಹೊದಿಕೆಗೆ ಹಸಿರು ಪಾಚಿ ಹತ್ತಿದೆ, ಕೆಲವು ಪುಟಗಳು ತೊಳೆದುಹೋಗಿ ಖಾಲಿಯಾಗಿವೆ. ಭಾನುವಾರ ಬೆಳಿಗ್ಗೆ ಅಂಗಡಿ ಮುಚ್ಚಿರುವಾಗ, ಮತ್ತು ರಾತ್ರಿ ಹತ್ತರ ಮೇಲೆ, ಅವನು ಬಾಗಿಲಿಗೆ ಬೀಗ ಹಾಕಿ ಅವನ್ನು ತೆಗೆದು ಕೂರುತ್ತಾನೆ, ಗಣಿತದ ಚಿಹ್ನೆಗಳ ಆಕಾರವನ್ನು ಒಂದೊಂದಾಗಿ ತನಗೆ ತಾನೇ ಹೇಳಿಕೊಳ್ಳುತ್ತಾನೆ, ಏನೂ ಅರ್ಥವಾಗದೆ ಮತ್ತೆ ಬೀಗ ಹಾಕುತ್ತಾನೆ. ಕೆಂಪ್ ಕೇಳಿ ಕೇಳಿ ಸಾಕಾಗಿದ್ದಾನೆ, ಪುಸ್ತಕಗಳು ಅಲ್ಲಿವೆ ಎಂದು ಮಾರ್ವೆಲ್ಲನ ಹೊರತು ಯಾರಿಗೂ ಗೊತ್ತಿಲ್ಲ.

ಪುಸ್ತಕಗಳು ಕೆಂಪ್‌ಗೆ ಸಿಕ್ಕಿದ್ದರೆ ಅವನು ಏನು ಮಾಡಬೇಕಾಗಿತ್ತು ಎಂದು ನಾನು ಕೇಳಿದೆ. ಸುಡಬೇಕಾಗಿತ್ತು ಎಂದವರೇ ಹೆಚ್ಚು. "ಅದು ಸಿಕ್ಕಿದವರೆಲ್ಲ ಗ್ರಿಫಿನ್ ಆದರೆ ಏನು ಮಾಡುವುದು ಸರ್?" ಎಂದು ಒಬ್ಬ ಹುಡುಗ ಕೇಳಿದ, ಆ ಆತಂಕ ನ್ಯಾಯವಾದದ್ದೇ. ಕಣ್ಣಿನ ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ ಮಾತ್ರ ಅಚ್ಚುಹಾಕಿಸಬೇಕಾಗಿತ್ತು ಎಂದಳು. ನಾನು ಅವಳ ಪಕ್ಷ ವಹಿಸಿದೆ. ಗೂಢಲಿಪಿಯನ್ನು ಬಿಡಿಸಿ, ಗ್ರಿಫಿನ್ ಮಾಡಿದ ಕೊಲೆಯ ವಿವರವನ್ನೂ ಜೊತೆಗೇ ಸೇರಿಸಿ, ಕೆಂಪ್ ಅದನ್ನು ಪ್ರಕಟಿಸಬೇಕಾಗಿತ್ತು. ಇಪ್ಪತ್ತು ಪ್ರಯೋಗಾಲಯಗಳಲ್ಲಿ ಇಪ್ಪತ್ತು ಮಂದಿ ಆ ಲೆಕ್ಕಗಳನ್ನು ಮಾಡಿ ನೋಡುತ್ತಿದ್ದರು, ಮತ್ತು ಅವರಲ್ಲಿ ಒಬ್ಬರಾದರೂ ಮೊದಲ ವಾರದಲ್ಲೇ ಅಕ್ಷಿಪಟಲದ ಪುಟಕ್ಕೆ ಬಂದು, ಇವನಿಗೆ ಕಣ್ಣು ಕಂಡದ್ದು ಹೇಗೆ ಎಂದು ಬರೆದು ಕೇಳುತ್ತಿದ್ದರು.